ಚಳಿಗಾಲಕ್ಕೆ ಮಂಗಳೂರಿಗೆ ಬರ್ತೀರಾ? ಮೊದಲು ರಾತ್ರಿಯನ್ನು ಗೊತ್ತು ಮಾಡಿಕೊಳ್ಳಿ

ಡಿಸೆಂಬರ್ ರಜೆಗೆ ಘಟ್ಟ ಇಳಿದು ಬರುವವರ ಕೈಯಲ್ಲಿ ಬೀಚು, ದೇವಸ್ಥಾನ, ಮೀನೂಟ ಅಂತ ಹಗಲಿನ ಪಟ್ಟಿಯೇ ಇರುತ್ತದೆ. ರಾತ್ರಿ ಒಂಬತ್ತಾದರೆ ರೂಮು ಸೇರಿ ಮಲಗುತ್ತಾರೆ. ಆದರೆ ಕರಾವಳಿಯ ಚಳಿಗಾಲ ಕಳೆಗಟ್ಟುವುದೇ ಆ ಹೊತ್ತಿಗೆ. ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳ, ಯಕ್ಷಗಾನ, ದೈವಗಳ ಆರಾಧನೆಯಾದ ನೇಮ ಎಲ್ಲಕ್ಕೂ ಇದೇ ಸೀಸನ್. ಮಳೆಗಾಲದಲ್ಲಿ ಬಂದರೆ ಇವು ಸಿಗುವುದಿಲ್ಲ. ಹಾಗಾಗಿ ಮೊದಲು ರಾತ್ರಿಗಳನ್ನು ಗೊತ್ತು ಮಾಡಿ, ಹಗಲನ್ನು ಆಮೇಲೆ ಹೊಂದಿಸಿಕೊಳ್ಳಿ.

ಶನಿವಾರ ಕಂಬಳಕ್ಕೆ

ನವೆಂಬರ್‌ನಿಂದ ಶುರುವಾಗಿ ವಾರಕ್ಕೊಂದು ಊರಿನಲ್ಲಿ ಕಂಬಳ ನಡೆಯುತ್ತದೆ. ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಅದನ್ನು ನೋಡಿಕೊಂಡೇ ಟಿಕೆಟ್ ಬುಕ್ ಮಾಡಿ. ನಗರದೊಳಗೇ ಬೇಕೆಂದರೆ ಬಂಗ್ರಕೂಳೂರಿನಲ್ಲಿ ರಾಮ-ಲಕ್ಷ್ಮಣ ಜೋಡುಕರೆ (ಎರಡು ಓಟದ ಕರೆಗಳಿರುವ) ಕಂಬಳ ಇದೆ. ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳಕ್ಕೆ ಮಂಗಳೂರಿನಿಂದ ಸುಮಾರು 35 ಕಿ.ಮೀ.

ಶನಿವಾರ ಬೆಳಿಗ್ಗೆ ಶುರುವಾದ ಕಂಬಳ ಮುಗಿಯುವುದು ಭಾನುವಾರ. ನನ್ನ ಕೇಳಿದರೆ, ಕತ್ತಲಾದ ಮೇಲೆ ಹೋಗಿ. ಬಿಸಿಲೂ ಇರುವುದಿಲ್ಲ, ಲೈಟಿನ ಬೆಳಕಿನಲ್ಲಿ ಕೆಸರುನೀರು ಹಾರುವುದು ನೋಡಲು ಬಲು ಚೆಂದ. ಕೋಣಗಳು ಓಟ ಮುಗಿಸುವ ಮಂಜೊಟ್ಟಿಯ ಪಕ್ಕ, ಬೇಲಿಯ ಹೊರಗೆ ನಿಲ್ಲಿ. ನೇಗಿಲು, ಹಗ್ಗ, ಅಡ್ಡಹಲಗೆ ವಿಭಾಗಗಳಲ್ಲಿ ಲೆಕ್ಕಕ್ಕೆ ಬರುವುದು ವೇಗ. ಕನೆಹಲಗೆ ಬೇರೆಯೇ. ಅಲ್ಲಿ ಓಡಿಸುವವರು ಹಲಗೆಯ ಮೇಲೆ ಕಾಲಿಟ್ಟಾಗ ತೂತುಗಳಿಂದ ನೀರು ಮೇಲಕ್ಕೆ ಚಿಮ್ಮಬೇಕು. ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಆ ನೀರು ತಾಗಬೇಕು. 6.5 ಕೋಲು, 7.5 ಕೋಲು ಅಂತ ಮೈಕಿನಲ್ಲಿ ಕೂಗುವುದು ಈ ಎತ್ತರದ ಅಳತೆಯನ್ನೇ. ಇಷ್ಟು ಗೊತ್ತಿದ್ದರೆ ಸುಮ್ನೆ ನಿಂತು ನೋಡುವುದಕ್ಕೂ ಆಟದೊಳಗೆ ಸೇರಿ ನೋಡುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಕೋಣಗಳ ಕಣ್ಣಿಗೆ ಫ್ಲಾಶ್ ಹೊಡೆಯಬೇಡಿ. ವಾಪಸ್ ಬರಲು ಆಟೊ ಅಥವಾ ಕಾರು ಮೊದಲೇ ಗೊತ್ತು ಮಾಡಿಕೊಳ್ಳಿ, ಆ ಹೊತ್ತಿಗೆ ಬಸ್ ನಂಬಿಕೊಳ್ಳಲು ಆಗುವುದಿಲ್ಲ.

ಉಳಿದ ದಿನಗಳಲ್ಲಿ ಆಟ

ಇಲ್ಲಿ 'ಆಟ' ಅಂದರೆ ಯಕ್ಷಗಾನ. ಯಾವ ಮೇಳ (ಯಕ್ಷಗಾನ ತಂಡ) ಎಲ್ಲಿ ಅನ್ನುವುದು ಸ್ಥಳೀಯ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಕಟೀಲು ಮೇಳದ ಸೇವೆಯಾಟ ಸಿಕ್ಕಿದರೆ ಬಿಡಬೇಡಿ. ಯಾರೋ ಹರಕೆ ಹೊತ್ತು ಆಡಿಸುವ ಬಯಲಾಟ ಅದು, ಟಿಕೆಟ್ ಇರುವುದಿಲ್ಲ. ಪರಿಚಯ ಇಲ್ಲದವರು ಹೋಗಿ ಕುಳಿತರೂ ಯಾರೂ ಏನೂ ಅನ್ನುವುದಿಲ್ಲ. 'ದೇವಿಮಹಾತ್ಮೆ' ಪ್ರಸಂಗ ಇದ್ದರೆ ಮಹಿಷಾಸುರ ಬರುವ ತನಕವಾದರೂ ಕೂರಿ. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ದೊಂದಿ ಹಿಡಿದು, ಜನರ ನಡುವಿನಿಂದಲೇ ಅಬ್ಬರಿಸುತ್ತಾ ಬರುತ್ತಾನೆ. ಪುಟ್ಟ ಮಕ್ಕಳಿದ್ದರೆ ಮಡಿಲಲ್ಲಿ ಕೂರಿಸಿಕೊಳ್ಳಿ.

ಸ್ವೆಟರ್ ಬೇಡ. ರಾತ್ರಿಯೂ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಯಲಲ್ಲಿ ಕೂರುವಾಗ ಇಬ್ಬನಿಗೆ ತಲೆ ಮುಚ್ಚಲು ಒಂದು ಶಾಲು ಸಾಕು.

ಹಗಲು ಹೀಗಿರಲಿ

ಬೆಳಿಗ್ಗೆ ಬಿಸಿಲೇರುವ ಮೊದಲು ಕದ್ರಿ ಮಂಜುನಾಥ ದೇವಸ್ಥಾನ. ಅಲ್ಲಿ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯಿದೆ, ಆಳುಪ ರಾಜ ಕುಂದವರ್ಮ ಪ್ರತಿಷ್ಠಾಪಿಸಿದ್ದು. ಬೇಗ ಬೇಗ ಕೈಮುಗಿದು ಹೊರಟವರಿಗೆ ಅದು ಕಾಣುವುದೇ ಇಲ್ಲ. ಹಿಂದಿನ ಕೆರೆಗಳ ಕಡೆಗೂ ಹೋಗಿ ಬನ್ನಿ.

ಹತ್ತು ಗಂಟೆಯ ನಂತರ ನೆರಳು ಬೇಕಾಗುತ್ತದೆ. ಲೈಟ್‌ಹೌಸ್ ಹಿಲ್‌ನ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಕೂತು ಇದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಬೆಂಚಿನಲ್ಲಿ ಕುಳಿತು ಕತ್ತೆತ್ತಿ ನಿಧಾನವಾಗಿ ನೋಡಿ. ಮಧ್ಯಾಹ್ನ ನೀರುದೋಸೆ, ಹುಳಿ-ಖಾರದ ಬಂಗುಡೆ ಪುಳಿಮುಂಚಿ, ಆಮೇಲೆ ಐಸ್‌ಕ್ರೀಮಿನ ಒಂದು ಗಡ್‌ಬಡ್. ಊಟ ಆದ ಮೇಲೆ ಮಲಗಿಬಿಡಿ. ಹೊರಗೆ 32 ಡಿಗ್ರಿ ಬಿಸಿಲು, ರಾತ್ರಿ ಎಚ್ಚರ ಇರಬೇಕಲ್ವಾ?

ಸಂಜೆ ನಾಲ್ಕೂವರೆಗೆಲ್ಲ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೊರಡಿ. ಟಿಪ್ಪು ಕಾಲದ ಕಾವಲು ಬುರುಜು ಹತ್ತಿ ಇಳಿದು, ದೋಣಿಯಲ್ಲಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ ಬೀಚ್. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ, ತಡ ಮಾಡಬೇಡಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ಕೇಳಿಟ್ಟುಕೊಳ್ಳಿ.

ಕ್ರಿಸ್‌ಮಸ್ ವಾರದಲ್ಲಿ ಬಂದರೆ ಬೇಕರಿಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಕಟ್ಟು ಕೇಳಿ. ನೆವ್ರಿ, ಕಿಡಿಯೊ, ರೋಸ್ ಕುಕೀಸ್ ಎಲ್ಲ ಒಟ್ಟಿಗೆ ಸಿಗುತ್ತದೆ. ಮನೆಗೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ.

ಬರುವುದು, ಹೋಗುವುದು

ಯಶವಂತಪುರದಿಂದ ಹಗಲು ರೈಲಿನಲ್ಲಿ ಬಂದರೆ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳನ್ನು ದಾಟಿ ಬರಬಹುದು. ನಗರದಲ್ಲಿ ಸೆಂಟ್ರಲ್, ಜಂಕ್ಷನ್ ಅಂತ ಎರಡು ಸ್ಟೇಷನ್‌ಗಳಿವೆ, ಟಿಕೆಟ್‌ನಲ್ಲಿ ಯಾವುದಿದೆ ನೋಡಿಕೊಳ್ಳಿ. ಸಿಟಿ ಬಸ್ಸುಗಳಿಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗಿ.

ಕಾರಿನಲ್ಲಿ ಬಂದವರಿಗೆ ಒಂದು ಮಾತು. ಕಂಬಳದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಭಾನುವಾರ ಬೆಳಿಗ್ಗೆಯೇ ಶಿರಾಡಿ ಘಾಟಿ ಹತ್ತಬೇಡಿ. ಸೋಮವಾರಕ್ಕೂ ಒಂದು ದಿನ ರಜೆ ಹಾಕಿ, ಭಾನುವಾರ ಮಧ್ಯಾಹ್ನದವರೆಗೆ ಚೆನ್ನಾಗಿ ಮಲಗಿ ಎದ್ದು, ಮಾರನೇ ದಿನ ಹೊರಡಿ.