ಪಿಎಕ್ಸ್‌ಇ ಬೂಟ್ ಆಯ್ತು, ನೆಟ್‌ವರ್ಕ್ ಮಾತ್ರ ಇಲ್ಲ: ವಿಂಡೋಸ್ ಇನ್‌ಸ್ಟಾಲ್‌ಗೆ ಡ್ರೈವರ್ ಸೇರಿಸುವ ಬಗೆ

ಪಿಎಕ್ಸ್‌ಇಯಲ್ಲಿ, ಅಂದರೆ ನೆಟ್‌ವರ್ಕ್‌ನಿಂದಲೇ ಬೂಟ್ ಆದ ಮಷಿನ್, ಎರಡು ನಿಮಿಷ ಬಿಟ್ಟು ನೆಟ್‌ವರ್ಕೇ ಇಲ್ಲ ಅನ್ನುತ್ತದೆ. ಮೊದಲ ಸಲ ನಾನು ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಕೊನೆಗೆ ಸುಮ್ನೆ ಸ್ವಿಚ್‌ಗೆ ಬೈದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಪಿಎಕ್ಸ್‌ಇ ಬೂಟ್ ನಡೆಯುವುದು ಫರ್ಮ್‌ವೇರ್‌ನಲ್ಲಿರುವ ಸಣ್ಣ ಡ್ರೈವರ್‌ನಿಂದ. ವಿನ್‌ಪಿಇ (ಸೆಟಪ್ ಓಡಿಸುವ ಪುಟ್ಟ ವಿಂಡೋಸ್) ಶುರುವಾದ ಮೇಲೆ ಅದು ಲೆಕ್ಕಕ್ಕಿಲ್ಲ, ವಿಂಡೋಸ್‌ನದೇ ಡ್ರೈವರ್ ಬೇಕು.

ಮೊದಲು ಡ್ರೈವರ್‌ದೇ ತೊಂದರೆಯಾ ನೋಡಿ. ಸೆಟಪ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ, ಐಪಿಕಾನ್ಫಿಗ್ ಕೊಡಿ. ಬರೀ ತಲೆಬರಹ ಬಂದು ಕೆಳಗೆ ಏನೂ ಇಲ್ಲದಿದ್ದರೆ ಡ್ರೈವರ್ ಇಲ್ಲ. 169.254ರಿಂದ ಶುರುವಾಗುವ ವಿಳಾಸ ಬಂದರೆ ಡ್ರೈವರ್ ಇದೆ, ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಸಿಕ್ಕಿಲ್ಲ. ಆಗ ಮಾತ್ರ ಸ್ವಿಚ್‌ಗೆ ಬೈಯಬಹುದು. ಅಂದಹಾಗೆ, ವೈಫೈ ನೆಚ್ಚಿಕೊಳ್ಳಬೇಡಿ, ಕೇಬಲ್ಲೇ ಹಾಕಿ.

ಇನ್ನು ಸರಿಯಾದ ಡ್ರೈವರ್ ಹುಡುಕುವುದು. ಅದೇ ಮಾಡೆಲ್‌ನ, ವಿಂಡೋಸ್ ಇರುವ ಒಂದು ಮಷಿನ್ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹಾರ್ಡ್‌ವೇರ್ ಐಡಿ ತೆಗೆಯಿರಿ. ಉದಾಹರಣೆಗೆ ಇಂಟೆಲ್ ಐ225-ವಿ ಕಾರ್ಡಿಗೆ ವೆಂಡರ್ 8086, ಡಿವೈಸ್ 15ಎಫ್3. ತಯಾರಕರ ಸೈಟ್‌ನಿಂದ ಇಳಿಸಿದ ಇಎಕ್ಸ್‌ಇ ಫೈಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 7-ಜಿಪ್‌ನಲ್ಲಿ ಬಿಚ್ಚಿ, ಒಳಗಿನ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, 15ಎಫ್3 ಅಂತ ಹುಡುಕಿ. ಸಿಕ್ಕರೆ ಅದೇ ಫೋಲ್ಡರ್. ಐಎನ್‌ಎಫ್ ಜೊತೆ ಎಸ್‌ವೈಎಸ್, ಸಿಎಟಿ ಫೈಲ್‌ಗಳೂ ಇರಬೇಕು. 64 ಬಿಟ್ ವಿನ್‌ಪಿಇಗೆ 64 ಬಿಟ್ ಡ್ರೈವರ್ರೇ ಆಗಬೇಕು.

ನೇರ ಬೂಟ್ ಇಮೇಜಿಗೆ (ವಿನ್‌ಪಿಇ ಇರುವ ಫೈಲ್) ತುರುಕಬೇಡಿ, ಒಂದು ಸಲ ಕೈಯಲ್ಲಿ ಪರೀಕ್ಷಿಸಿ. ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ವಿನ್‌ಪಿಇಯ ಕಪ್ಪು ಕಿಟಕಿಯಲ್ಲಿ ಡಿಆರ್‌ವಿಲೋಡ್ ಅಂತ ಬರೆದು ಐಎನ್‌ಎಫ್‌ನ ಪೂರ್ತಿ ದಾರಿ ಕೊಡಿ, ಆಮೇಲೆ ಡಬ್ಲ್ಯುಪಿಇಯುಟಿಲ್ ಇನಿಶಿಯಲೈಜ್‌ನೆಟ್‌ವರ್ಕ್. ಐಪಿ ಬಂತಾ? ಹಾಗಾದರೆ ಡ್ರೈವರ್ ಸರಿ. ಆದರೆ ರೀಸ್ಟಾರ್ಟ್ ಆದರೆ ಇದು ಹೋಗುತ್ತದೆ.

ಖಾಯಂ ಮಾಡಲು ಆ ಬೂಟ್ ಇಮೇಜಿಗೇ, ಅಂದರೆ ಬೂಟ್ ಡಾಟ್ ವಿಮ್ ಫೈಲಿಗೇ ಸೇರಿಸಬೇಕು. ಅಡ್ಮಿನ್ ಆಗಿ, ಇಮೇಜ್ ತಿದ್ದುವ ವಿಂಡೋಸ್ ಕಮಾಂಡ್ ಡಿಐಎಸ್‌ಎಂ ಬಳಸಿ: ಖಾಲಿ ಫೋಲ್ಡರ್‌ಗೆ ಇಮೇಜ್ ಮೌಂಟ್ ಮಾಡಿ, ಆ್ಯಡ್-ಡ್ರೈವರ್ ಕೊಟ್ಟು ಐಎನ್‌ಎಫ್ ತೋರಿಸಿ, ಕಮಿಟ್ ಜೊತೆಗೆ ಅನ್‌ಮೌಂಟ್ ಮಾಡಿ. ಎಡಿಕೆಯಿಂದ (ಮೈಕ್ರೋಸಾಫ್ಟ್‌ನ ಡಿಪ್ಲಾಯ್‌ಮೆಂಟ್ ಕಿಟ್) ನೀವೇ ಮಾಡಿದ ವಿನ್‌ಪಿಇ ಆದರೆ ಇಂಡೆಕ್ಸ್, ಅಂದರೆ ಫೈಲಿನೊಳಗಿನ ಇಮೇಜಿನ ಸಂಖ್ಯೆ, 1. ವಿಂಡೋಸ್ ಐಎಸ್‌ಒದಲ್ಲಿರುವ ಫೈಲ್ ಆದರೆ ಎರಡು ಇಂಡೆಕ್ಸ್ ಇರುತ್ತವೆ, ಸೆಟಪ್ ಓಡುವುದು 2ರಲ್ಲಿ. 1ಕ್ಕೆ ಹಾಕಿ ಯಾಕೆ ಬರ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಅನ್‌ಮೌಂಟ್ ಮಾಡುವಾಗ ಆ ಫೋಲ್ಡರ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದಿದ್ದರೂ ಸಾಕು, ಎರರ್ ಬರುತ್ತದೆ. ಕಿಟಕಿ ಮುಚ್ಚಿ ಮತ್ತೆ ಕೊಡಿ. ಸಿಕ್ಕ ಡ್ರೈವರ್ ಎಲ್ಲ ಹಾಕಿ ಫೈಲ್ ಉಬ್ಬಿಸಬೇಡಿ. ಈ ಫೈಲ್ ಪೂರ್ತಿ ನೆಟ್‌ವರ್ಕ್‌ನಲ್ಲಿ ಟಿಎಫ್‌ಟಿಪಿ ಅನ್ನುವ ಸರಳ ವಿಧಾನದಲ್ಲಿ ಬಂದು ರ‍್ಯಾಮ್‌ನಲ್ಲಿ ಕೂರುವಂಥದ್ದು, ಅಲ್ವಾ? ಡಬ್ಲ್ಯುಡಿಎಸ್ (ವಿಂಡೋಸ್ ಸರ್ವರ್‌ನ ನೆಟ್‌ವರ್ಕ್ ಇನ್‌ಸ್ಟಾಲ್ ಸೇವೆ) ಬಳಸುತ್ತಿದ್ದರೆ ಬೂಟ್ ಇಮೇಜನ್ನು ಅಲ್ಲಿ ರೀಪ್ಲೇಸ್ ಮಾಡಿ, ಇಲ್ಲದಿದ್ದರೆ ಸರ್ವರ್ ಹಳೆಯದನ್ನೇ ಕೊಡುತ್ತಿರುತ್ತದೆ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೇ ನಾನು ಒಂದು ಸಂಜೆ ಹಾಳು ಮಾಡಿಕೊಂಡದ್ದು. ವಿನ್‌ಪಿಇಗೆ ಹಾಕಿದ ಡ್ರೈವರ್ ವಿನ್‌ಪಿಇಗೆ ಮಾತ್ರ. ಫೈಲ್‌ಗಳೆಲ್ಲ ಕಾಪಿ ಆಗಿ, ರೀಸ್ಟಾರ್ಟ್ ಆಗಿ, ಸೆಟಪ್‌ನ ಸ್ಪೆಷಲೈಜ್ ಅನ್ನುವ ಹಂತದಲ್ಲಿ ಆಫೀಸಿನ ಡೊಮೈನ್ ಸೇರುವ ಹೊತ್ತಿಗೆ ಮತ್ತೆ ನೆಟ್‌ವರ್ಕ್ ಇಲ್ಲ. ಇದಕ್ಕೆ, ಸೆಟಪ್‌ಗೆ ಬೇಕಾದ ಉತ್ತರಗಳನ್ನು ಮೊದಲೇ ಬರೆದಿಡುವ ಅನ್‌ಅಟೆಂಡ್ ಫೈಲಿನ ಆಫ್‌ಲೈನ್‌ಸರ್ವಿಸಿಂಗ್ ಹಂತದಲ್ಲಿ ಪಿಎನ್‌ಪಿ ಕಸ್ಟಮೈಜೇಶನ್ಸ್ ನಾನ್‌ವಿನ್‌ಪಿಇ ಅನ್ನುವ ಭಾಗ ಸೇರಿಸಿ, ಡ್ರೈವರ್‌ಪಾತ್ಸ್‌ನಲ್ಲಿ ಡ್ರೈವರ್ ಇಟ್ಟ ನೆಟ್‌ವರ್ಕ್ ಶೇರ್‌ನ ದಾರಿ ಬರೆಯಿರಿ. ಒಂದಕ್ಕಿಂತ ಹೆಚ್ಚು ದಾರಿ ಇದ್ದರೆ ಪ್ರತಿಯೊಂದಕ್ಕೂ ಬೇರೆ ಕೀವ್ಯಾಲ್ಯೂ (ಗುರುತು) ಇರಲಿ. ಶೇರ್‌ನ ಪಾಸ್‌ವರ್ಡ್ ಈ ಫೈಲಿನಲ್ಲಿ ಯಾರು ಬೇಕಾದರೂ ಓದುವಂತೆ ಕೂತಿರುತ್ತದೆ, ಅದಕ್ಕೇ ಬರೀ ಓದಲು ಬಿಡುವ ಅಕೌಂಟ್ ಕೊಡಿ, ಅಡ್ಮಿನ್‌ದು ಖಂಡಿತ ಬೇಡ. ಪಾಸ್‌ವರ್ಡ್ ತಲೆನೋವೇ ಬೇಡ ಅಂದರೆ ಇನ್‌ಸ್ಟಾಲ್ ಆಗುವ ವಿಂಡೋಸ್ ಇರುವ ಇನ್‌ಸ್ಟಾಲ್ ಡಾಟ್ ವಿಮ್‌ಗೂ ಅದೇ ಡಿಐಎಸ್‌ಎಂನಿಂದ ಡ್ರೈವರ್ ಸೇರಿಸಬಹುದು, ಒಳಗೆ ಹಲವು ಎಡಿಷನ್ ಇದ್ದರೆ ನೀವು ಹಾಕುವ ಎಡಿಷನ್ನಿನ ಇಂಡೆಕ್ಸ್ ನೋಡಿಕೊಳ್ಳಿ. ನಾನೀಗ ಮಾಡುತ್ತಿರುವುದು ಹೀಗೇ.