ಹಳೇ ಕಾರು ಕೊಳ್ಳುವವರ ಅತಿಯಾಸೆಗೆ ನೂರರ ಲೆಕ್ಕ: ನನ್ನ ಅನುಭವ

ಮೀಟರ್ 30 ಸಾವಿರ ದಾಟಿರಬಾರದು, ಒಬ್ಬರೇ ಓನರ್ ಇರಬೇಕು, ಮೈಮೇಲೆ ಒಂದು ಗೆರೆಯೂ ಇರಬಾರದು, ಬೆಲೆ ಹೊಸ ಗಾಡಿಯ ಅರ್ಧದೊಳಗಿರಬೇಕು, ತಗೊಂಡ ಮೇಲೆ ಕೈಯಿಂದ ಖರ್ಚು ಬರಬಾರದು. ಈ ಐದನ್ನೂ ಒಟ್ಟಿಗೆ ಕೇಳುವವರಿಗೆ ಗಾಡಿ ನೋಡಿಕೊಡುವ ಕಷ್ಟ ಗೊತ್ತಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದೆ ಬರುವ ಖರ್ಚಿನ ಪಟ್ಟಿಯನ್ನು ಮೊದಲೇ ಕೈಗೆ ಕೊಟ್ಟರೆ ಗಿರಾಕಿ ಎದ್ದು ಹೋಗುತ್ತಾನೆ ಎಂದು ಕಸುಬಿನವರೆಲ್ಲ ಹೇಳಿದ್ದರು. ಆದರೂ ಕೊಟ್ಟು ನೋಡಿದೆ. ಈಗ ಹತ್ತು ಜನರಲ್ಲಿ ಏಳೆಂಟು ಜನ ಮೂರನೇ ಗಾಡಿ ನೋಡುವಷ್ಟರಲ್ಲಿ ತೀರ್ಮಾನಕ್ಕೆ ಬರುತ್ತಾರೆ. ಮೊದಲು ಹನ್ನೆರಡು ಗಾಡಿ ತೋರಿಸಿದರೂ ಮುಗಿಯುತ್ತಿರಲಿಲ್ಲ.

ಕೆಟ್ಟ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. ಬಾಯಲ್ಲಿ ತಿಳಿಹೇಳುವುದು ಪೂರ್ತಿ ದಂಡ. ಮಾರುವವನ ಪರವಾಗಿ ಮಾತಾಡುತ್ತಿದ್ದೀರಿ ಎಂಬ ಅನುಮಾನ ಹುಟ್ಟುತ್ತದೆ, ಅಷ್ಟೇ. ನಲವತ್ತು ಐಟಂಗಳ ತಪಾಸಣೆ ಪಟ್ಟಿ ಕೊಟ್ಟೆ. ಅದರಲ್ಲಿ ಸವೆದ ವೈಪರ್ ಬ್ಲೇಡಿಗೂ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸೋರಿಕೆಯಂಥ ದೊಡ್ಡ ರಿಪೇರಿಗೂ ಒಂದೇ ಅಗಲದ ಸಾಲು. ಓದುವವರು ಎರಡಕ್ಕೂ ಒಂದೇ ಸಮ ಹೆದರಿದರು. ಆಮೇಲೆ ನೂರಕ್ಕೆ ಇಷ್ಟು ಅಂಕ ಅಂತ ಕೊಟ್ಟು ನೋಡಿದೆ, ಅದು ಇನ್ನೂ ಕೆಟ್ಟದಾಯಿತು. 78 ಬಂದ ಗಾಡಿ ನೋಡಿ '90 ಬರುವ ಗಾಡಿ ಹುಡುಕಿ' ಅನ್ನುತ್ತಾರೆ. ಏಳೆಂಟು ವರ್ಷದ ಗಾಡಿಗೆ 90 ಎಲ್ಲಿಂದ ಬರಬೇಕು? ಅಂಕಕ್ಕೂ ದುಡ್ಡಿಗೂ ಸಂಬಂಧವೇ ಇರಲಿಲ್ಲ, ತಪ್ಪು ಅಲ್ಲಿತ್ತು.

ಈಗ ಮಾಡುವುದು ಇಷ್ಟು. ಗಾಡಿ ನೋಡುವ ಮೊದಲೇ ಒಂದು ಹಾಳೆ. ಕೊಳ್ಳುವವರೇ ಸ್ವಂತ ಕೈಯಲ್ಲಿ ಬರೆಯಬೇಕು, ನಾವು ಪೆನ್ನು ಮುಟ್ಟಬಾರದು. ಮೂರು ಕಾಲಂ: ಇರಲೇಬೇಕು, ಇದ್ದರೆ ಒಳ್ಳೆಯದು, ಬಿಡಬಹುದು. ಮೊದಲ ಕಾಲಮ್ಮಿಗೆ ಮೂರೇ ಐಟಂ, ನಾಲ್ಕನೆಯದು ಬೇಕೆಂದರೆ ಒಂದನ್ನು ಹೊಡೆದುಹಾಕಿ ಬರೆಯಲಿ. ಗಾಡಿ ನೋಡಲು ಜೊತೆಗೆ ಬರುವವರು ಯಾರಿದ್ದಾರೋ ಅವರೂ ಆ ದಿನ ಕೂತಿರಬೇಕು. ಇದನ್ನು ಕಡೆಗಣಿಸಿದಾಗಲೆಲ್ಲ ಪೆಟ್ಟು ತಿಂದಿದ್ದೇನೆ, ಯಾಕೆಂದರೆ 'ಒಂದು ಗೆರೆಯೂ ಇರಬಾರದು' ಅನ್ನುವುದು ಬಹಳ ಸಲ ಕೊಳ್ಳುವವರ ಬೇಡಿಕೆಯೇ ಅಲ್ಲ, ಜೊತೆಗೆ ಬಂದವರದು.

ಹಾಳೆಯ ಕೆಳಗೆ ನೂರರ ಲೆಕ್ಕ. ಕೈಯಲ್ಲಿರುವ ಒಟ್ಟು ದುಡ್ಡು 100 ಅಂತ ಇಟ್ಟುಕೊಂಡರೆ ಗಾಡಿಗೆ 85, ಮೊದಲ ವರ್ಷದ ರಿಪೇರಿ ಕೆಲಸಕ್ಕೆ 15. ಮೊದಲು 10 ಇಡಿಸುತ್ತಿದ್ದೆ. ಟೈರ್, ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಬೆಲ್ಟ್) ಎರಡೂ ಒಂದೇ ವರ್ಷಕ್ಕೆ ಬಿದ್ದ ಗಾಡಿಗಳಲ್ಲಿ ಅದು ಸಾಲಲಿಲ್ಲ. ಏಳೆಂಟು ವರ್ಷದ ಮಧ್ಯಮ ಗಾತ್ರದ ಪೆಟ್ರೋಲ್ ಗಾಡಿಗೆ ನನ್ನ ನೆನಪಿನ ಅಂದಾಜು: ನಾಲ್ಕು ಟೈರ್ 6, ಕ್ಲಚ್ ಸೆಟ್ 5, ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಲೋಯರ್ ಆರ್ಮ್ ಬುಶ್ 4, ಟೈಮಿಂಗ್ ಬೆಲ್ಟ್ ಜೊತೆ ಟೆನ್ಷನರ್, ವಾಟರ್ ಪಂಪ್ 3, ಬ್ಯಾಟರಿ ಒಂದೂವರೆ. ಎಲ್ಲಾ ಸೇರಿ 20ರ ಹತ್ತಿರ, ಆದರೆ ಎಲ್ಲವೂ ಒಂದೇ ಗಾಡಿಗೆ ಒಂದೇ ವರ್ಷಕ್ಕೆ ಬರುವುದು ಅಪರೂಪ. ಡೀಸೆಲ್ ಅಥವಾ ಆಟೊಮ್ಯಾಟಿಕ್ ಆದರೆ 15ರ ಬದಲು 20 ಇಡಿಸಿ. ಇಂಜೆಕ್ಟರ್, ಟರ್ಬೊ, ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಗೇರ್‌ಬಾಕ್ಸ್ ಯಾವುದೂ 3ರಲ್ಲಿ 4ರಲ್ಲಿ ಮುಗಿಯುವುದಿಲ್ಲ.

ತೋರಿಸುವ ಕ್ರಮಕ್ಕೆ ಬಹಳ ಬೆಲೆಯಿದೆ. ಒಳ್ಳೆಯ ಗಾಡಿಯನ್ನು ಮೊದಲು ತೋರಿಸಬೇಡಿ. ಮೊದಲನೆಯದೇ ಚೆನ್ನಾಗಿದ್ದರೆ ಇದಕ್ಕಿಂತ ಒಳ್ಳೆಯದು ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ಅವರ ಬೇಡಿಕೆಗೂ ಬೆಲೆಗೂ ಕಾಗದದ ಮೇಲೆ ಪೂರ್ತಿ ಹೊಂದುವ, ಮೀಟರ್ ಕಮ್ಮಿ ಇರುವ, ಹೊಳೆಯುವ ಗಾಡಿ ಮೊದಲು. ಬಜೆಟ್ಟಿಗಿಂತ ಕಾಲು ಭಾಗ ಜಾಸ್ತಿ ಇರುವ ನಿಜವಾದ ಚೊಕ್ಕ ಗಾಡಿ ಎರಡನೆಯದು. ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಮೂರನೆಯದು.

ಆ ಮೊದಲ ಹೊಳೆಯುವ ಗಾಡಿಯ ಮೇಲೆ ಪೇಂಟ್ ಗೇಜ್ (ಪೇಂಟಿನ ದಪ್ಪ ಅಳೆಯುವ ಸಾಧನ) ಕೊಳ್ಳುವವರ ಕೈಗೇ ಕೊಡಿ. ಮೊದಲು ರೂಫ್ ಮೇಲೆ ನಾಲ್ಕು ಕಡೆ ಅಳೆಯಲಿ, ಅದು ಆ ಗಾಡಿಯ ಅಳತೆಗೋಲು. ಕಂಪನಿ ಪೇಂಟ್ ಸಾಮಾನ್ಯವಾಗಿ 90ರಿಂದ 160 ಮೈಕ್ರಾನ್. 250–300 ಬಂದರೆ ಮೇಲೊಂದು ಪೇಂಟ್ ಬಿದ್ದಿದೆ, 600 ದಾಟಿದರೆ ಒಳಗೆ ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಇದೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ರೀಡಿಂಗ್ ಬರುವುದಿಲ್ಲ. ಕಬ್ಬಿಣ ಮಾತ್ರ ಹಿಡಿಯುವ ಗೇಜ್ ಅಲ್ಯೂಮಿನಿಯಂ ಬಾನೆಟ್ ಮೇಲೂ ಸುಮ್ಮನಿರುತ್ತದೆ, ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಗೇಜ್ ಮೇಲೇ ಅನುಮಾನ. ಬಟ್ಟೆ ಸುತ್ತಿದ ಮ್ಯಾಗ್ನೆಟ್ಟಿನಲ್ಲಿ ಕೆಲಸ ಸಾಗುತ್ತದಾ ಅಂತ ಒಂದಷ್ಟು ದಿನ ನೋಡಿದೆ. ದಪ್ಪ ಪುಟ್ಟಿ ಸಿಗುತ್ತದೆ, ಬರೀ ರೀಪೇಂಟ್ ಸಿಗುವುದಿಲ್ಲ. ಗೆರೆಯಿಲ್ಲದ ಬಾಗಿಲು 700 ತೋರಿಸಿದಾಗ, ಎರಡು ಗೆರೆಯಿರುವ 120ರ ಬಾಗಿಲು ಎಷ್ಟು ವಾಸಿ ಎಂದು ಅವರೇ ಹೇಳುತ್ತಾರೆ. ಬಂಪರ್, ಫೆಂಡರ್ ಪೇಂಟ್ ಆಗಿದ್ದರೆ ಬಿಟ್ಟುಬಿಡಿ. ಪಿಲ್ಲರ್ (ರೂಫ್ ಹೊರುವ ಕಂಬ), ರೂಫ್ ಅಂಚು, ಡಿಕ್ಕಿಯ ತಳದಲ್ಲಿ ಕಂಪನಿ ವೆಲ್ಡ್ ಅಲ್ಲದ ವೆಲ್ಡ್ ಕಂಡರೆ ಅಲ್ಲಿಗೆ ಮಾತು ಮುಗಿಯಿತು.

ಮೀಟರ್ ಕಮ್ಮಿ ಅನ್ನುವ ಮೋಹ ಬಿಡಿಸುವುದಕ್ಕೆ ಟೈರ್ ಸಾಕು. ಟೈರಿನ ಪಕ್ಕದ ಮೈಮೇಲಿರುವ DOT ಕೋಡಿನ ಕೊನೆಯ ನಾಲ್ಕು ಅಂಕಿಯನ್ನು ಅವರಿಂದಲೇ ಓದಿಸಿ: 3217 ಅಂದರೆ 2017ರ 32ನೇ ವಾರ. ಗಾಡಿ ಅದಕ್ಕಿಂತ ಎರಡು ವರ್ಷ ಹಳೆಯದು, ಮೀಟರ್ 20 ಸಾವಿರ ಅಂದರೆ ಅಷ್ಟು ಬೇಗ ಟೈರ್ ಬದಲಾಯಿಸಿದ್ದು ಯಾಕೆ ಎಂದು ಅವರೇ ಕೇಳಲಿ. ಜೊತೆಗೆ ಬ್ರೇಕ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಹೊರ ಅಂಚು, ಸ್ಟೀರಿಂಗ್ ಮೇಲಿನ ಹೊಳಪು, ಇವುಗಳ ಸವೆತ ಮೀಟರಿಗೆ ಹೊಂದುತ್ತದೆಯೇ ನೋಡಲಿ. ಮೀಟರ್ ನಿಜವೇ ಇದ್ದರೂ ಎಂಟು ವರ್ಷ ನಿಂತ ಗಾಡಿಗೆ ಟೈಮಿಂಗ್ ಬೆಲ್ಟ್ ಬಿಟ್ಟಿ ಸಿಗುವುದಿಲ್ಲ. ಕಂಪನಿ ಅದಕ್ಕೆ ಕಿಲೋಮೀಟರ್, ವರ್ಷ ಎರಡನ್ನೂ ಹಾಕಿರುತ್ತದೆ, ಯಾವುದು ಮೊದಲೋ ಅದು. ವಾಲ್ವು ಪಿಸ್ಟನ್ನಿಗೆ ಬಡಿಯುವ ಇಂಜಿನ್‌ನಲ್ಲಿ ಬೆಲ್ಟ್ ಹರಿದರೆ ನೂರರ ಲೆಕ್ಕದಲ್ಲಿ 3 ಹೋಗಿ 25 ಆಗುತ್ತದೆ. ಬಿಲ್ ಸಮೇತ 90 ಸಾವಿರ ಓಡಿದ ಗಾಡಿಯನ್ನು ಮೂರನೆಯದಾಗಿ ಇಡುವುದು ಇದಕ್ಕೇ.

ಮೀಟರ್ ಬೋರ್ಡಿನಲ್ಲಿ ಒಂದೂ ಲೈಟ್ ಉರಿಯುತ್ತಿಲ್ಲ ಎಂದು ಖುಷಿಪಡುವವರಿಗೆ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ) ತೋರಿಸಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದನ್ನು ಬಹಳಷ್ಟು ಗಾಡಿಗಳು ಹೇಳುತ್ತವೆ. 9 ಕಿಲೋಮೀಟರ್ ಅಂತ ಬಂದು, ರೆಡಿನೆಸ್ ಮಾನಿಟರ್‌ಗಳು (ಗಾಡಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಪರೀಕ್ಷೆಗಳು) ಅಪೂರ್ಣ ಇದ್ದರೆ ಇತ್ತೀಚೆಗೆ ಯಾರೋ ಕೋಡ್ ಒರೆಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಏರ್‌ಬ್ಯಾಗ್ ಲೈಟ್ ಕೀ ಆನ್ ಮಾಡಿದಾಗ ಉರಿದು ಕೆಲವು ಸೆಕೆಂಡಿನಲ್ಲಿ ಆರಬೇಕು. ಉರಿಯದೇ ಇದ್ದರೆ ಯಾರೋ ಕೈಯಾಡಿಸಿರಬಹುದು.

ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಅವತ್ತು ವಾಪಸ್ ಬನ್ನಿ. ತಣ್ಣಗಿದ್ದಾಗ ಸೆಲ್ಫ್ ಹೊಡೆಯುವ ಮೊದಲ ಹತ್ತು ಸೆಕೆಂಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮೂರೂ ಗಾಡಿಗಳದ್ದನ್ನು ಸಂಜೆ ಕೂತು ಕೇಳಿಸುತ್ತೇನೆ. ಸುಮ್ಮನೆ ಮಾಡಿ ನೋಡಿದ್ದು, ಈಗ ಬಿಡಲಾರೆ. ಚೈನ್ ಸದ್ದು, ಟ್ಯಾಪೆಟ್ ಸದ್ದು ಯಾವುದೆಂದು ಹೆಸರಿಸಲು ಬಾರದವರಿಗೂ ಒಂದರ ಪಕ್ಕ ಒಂದು ಕೇಳಿದಾಗ ವ್ಯತ್ಯಾಸ ತಿಳಿಯುತ್ತದೆ.

ನೀರಿನಲ್ಲಿ ಮುಳುಗಿದ ಗಾಡಿಗೆ ಸೀಟ್ ಬೆಲ್ಟ್ ಪೂರ್ತಿ ಎಳೆದು ಕೆಸರಿನ ಗೆರೆ ನೋಡುವುದು, ಸ್ಟೆಪ್ನಿ ಗುಂಡಿ, ಸೀಟಿನ ಕೆಳಗಿನ ಬೋಲ್ಟ್ ತುಕ್ಕು ನೋಡುವುದು ಎಲ್ಲರಿಗೂ ಗೊತ್ತು, ಮಾರುವವರಿಗೂ ಗೊತ್ತು. ನಾನು ನೋಡುವ ಜಾಗ ಇನ್ನೊಂದಿದೆ. ಬರೆದರೆ ಅದನ್ನೂ ತೊಳೆದಿಡುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಫೋನಿನಲ್ಲೇ ಓನರಿಗೆ ಕೇಳುವ ಎರಡು ಪ್ರಶ್ನೆಗಳ ವಿಷಯವೂ ಹಾಗೆಯೇ. ಅವುಗಳಿಂದ ಅರ್ಧ ಗಾಡಿಗಳು ಹೋಗಿ ನೋಡುವ ಮೊದಲೇ ಉದುರುತ್ತವೆ, ಓಡಾಟದ ಖರ್ಚೂ ಉಳಿಯುತ್ತದೆ.

ಕೊನೆಗೆ ಮೂರನೇ ಗಾಡಿಯ ಕೆಲಸಗಳನ್ನು ಈಗಲೇ, ಆರು ತಿಂಗಳೊಳಗೆ, ವರ್ಷದೊಳಗೆ ಎಂದು ಮೂರು ಭಾಗ ಮಾಡಿ ಬೆಲೆ ಬರೆಸಿ. ಟೈರಿನಲ್ಲಿ 1.6 ಮಿ.ಮೀ. ಗುರುತಿನ ಮಟ್ಟ ಬಂದಿದ್ದರೆ ಈಗಲೇ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಇಂಜಿನ್ ಆಫ್ ಆಗದೆ ಓಡುತ್ತಿದ್ದರೆ ಕ್ಲಚ್ಚೂ ಈಗಲೇ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ಬದಲು 12.2 ಇದ್ದು, ಚಾರ್ಜ್ ಮಾಡಿದ ಮೇಲೂ ಮಾರನೇ ದಿನ ಮತ್ತೆ ಇಳಿದರೆ ಆರು ತಿಂಗಳ ಭಾಗಕ್ಕೆ. ಓನರ್ ಮುಂದೆ ಚೌಕಾಸಿಗೆ ಇಡುವುದು 'ಈಗಲೇ' ಭಾಗ ಮಾತ್ರ. ಮೂರು ಭಾಗವನ್ನೂ ಸೇರಿಸಿ ನೂರರ ಲೆಕ್ಕದಲ್ಲಿ 14 ಕಡಿಮೆ ಮಾಡಿ ಎಂದು ಕೇಳಿದಾಗ ಕನಿಷ್ಠ ಐದಾರು ವ್ಯಾಪಾರ ಮುರಿದುಬಿದ್ದಿವೆ. ಹಳೇ ಗಾಡಿ ಅಂತಲೇ ಈ ಬೆಲೆ ಎಂದು ಅವರು ಹೇಳುವುದು ನ್ಯಾಯವೇ. 'ಈಗಲೇ' ಭಾಗದ 8 ಮಾತ್ರ ಕೇಳಿ, ಟೈರ್ ತೋರಿಸಿ ಮಾತಾಡಿದರೆ 4ರಿಂದ 5 ಬಿಡುತ್ತಾರೆ. ಉಳಿದದ್ದಕ್ಕೆ ಆ 15 ಇದ್ದೇ ಇದೆ.

ಹಾಳೆಗೆ ಕೊಳ್ಳುವವರ ಸಹಿ ಹಾಕಿಸಿ ಆರ್‌ಸಿ ಜೊತೆ ಡ್ಯಾಶ್‌ಬೋರ್ಡ್‌ನಲ್ಲೇ ಇಡಿಸಿ, ಒಂದೊಂದು ಕೆಲಸ ಆದಂತೆ ಹೊಡೆದುಹಾಕಲಿ. ಮೊದಲೆಲ್ಲ ನಾಲ್ಕನೇ ತಿಂಗಳಲ್ಲಿ ಬ್ಯಾಟರಿ ಕೈಕೊಟ್ಟರೆ ಎಂಥಾ ಗಾಡಿ ಕೊಡಿಸಿದಿರಿ ಎಂದು ಫೋನ್ ಬರುತ್ತಿತ್ತು. ಈಗಲೂ ಫೋನ್ ಬರುತ್ತದೆ, ಎಷ್ಟು ಆಂಪಿಯರಿನ ಬ್ಯಾಟರಿ ಹಾಕಿಸಲಿ ಎಂದು ಕೇಳುವುದಕ್ಕೆ.