ಡೇನಿಯಲ್ ಬೂನ್ ನಿಮ್ಮ ಮುತ್ತಾತನೇ? ಕಾಗದ ಹಿಡಿದು ಹುಡುಕುವ ಬಗೆ

ಓಹಾಯೋದಲ್ಲಿರುವ ನನ್ನ ತಂಗಿಯ ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ತಾಯಿಯ ಕಡೆಯದು ಅರ್ಧ ಗಂಟೆಯಲ್ಲಿ ಮುಗಿಯಿತು. ತಂಗಿ ಫೋನಿನಲ್ಲೇ ಐದು ತಲೆಮಾರನ್ನು ಒಪ್ಪಿಸಿಬಿಟ್ಟಳು. ತಂದೆಯ ಕಡೆಯವರು ಕೆಂಟಕಿ ಮೂಲದ ಅಮೆರಿಕನ್ನರು. ಅವರ ಮನೆಯಲ್ಲಿ ಉಳಿದಿದ್ದದ್ದು ಒಂದೇ ಮಾತು: 'ನಾವು ಡೇನಿಯಲ್ ಬೂನ್ ಸಂತತಿ.' ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆಸಿ ನಿವೃತ್ತನಾದ ನನ್ನ ತಲೆಗೆ ಆ ಮಾತನ್ನು ಅಳೆದು ನೋಡುವ ಕೆಲಸ ಬಂತು. ಮೈಸೂರಿನ ಮನೆಯಲ್ಲಿ ಕುಳಿತೇ, ಬಹುಪಾಲು ಉಚಿತ ದಾಖಲೆಗಳಿಂದಲೇ ಇದು ಸಾಧ್ಯವಾಯಿತು. ಅಮೆರಿಕದಲ್ಲಿ ಬೀಗರಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಬೂನ್ 1734ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಬೇಟೆಗಾರ. 1775ರಲ್ಲಿ ಕೊಡಲಿ ಹಿಡಿದ ಸುಮಾರು ಮೂವತ್ತು ಜನರೊಂದಿಗೆ ಕಂಬರ್ಲೆಂಡ್ ಘಾಟಿಯ ಮೂಲಕ ಕೆಂಟಕಿಗೆ ದಾರಿ ಕಡಿದು, ಬೂನ್ಸ್‌ಬರೋ ಕೋಟೆ ಕಟ್ಟಿದ. 1820ರಲ್ಲಿ ಮಿಸ್ಸೋರಿಯಲ್ಲಿ ತೀರಿಕೊಂಡ. ಆ ಕಾಡು ಯಾರೂ ಇಲ್ಲದ ಕಾಡಾಗಿರಲಿಲ್ಲ, ಶಾನಿ ಮತ್ತು ಚೆರೋಕಿ ಎಂಬ ಮೂಲನಿವಾಸಿ ಜನರ ಬೇಟೆಯ ನೆಲ.

ನಮ್ಮಲ್ಲಿ ಹೆಳವರು ಎತ್ತು ಹೊಡೆದುಕೊಂಡು ಬಂದು, ಜಗಲಿಯ ಮೇಲೆ ಕುಳಿತು ಮನೆತನದ ವಹಿ ಓದಿ ಹೇಳುತ್ತಾರೆ. ಅಮೆರಿಕದ ಗಡಿನಾಡಿನಲ್ಲಿ, ಅಂದರೆ ವಲಸಿಗರು ಆಗಷ್ಟೇ ನೆಲೆಯೂರುತ್ತಿದ್ದ ಸೀಮೆಯಲ್ಲಿ, ಹೆಳವರಿಲ್ಲ. ಅಲ್ಲಿ ಬರೆದಿಟ್ಟವನು ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಕಚೇರಿಯ ಗುಮಾಸ್ತ. ಯಾರ ಮಗ ಯಾರು ಎಂಬುದು ಅವನಿಗೆ ಬೇಕಿರಲಿಲ್ಲ. ಜಮೀನು, ತೆರಿಗೆ, ಸಾಲ, ಮದುವೆಯ ಮುಚ್ಚಳಿಕೆ ಬೇಕಿತ್ತು. ಸಂಬಂಧಗಳನ್ನು ನಾವು ಅವುಗಳೊಳಗಿನಿಂದಲೇ ಹೆಕ್ಕಿ ತೆಗೆಯಬೇಕು.

ಈ ಕಡೆಯಿಂದ ಆ ಕಡೆಗೆ

ಎಲ್ಲರೂ ಮಾಡುವ ತಪ್ಪು ಬೂನ್‌ನಿಂದ ಆರಂಭಿಸುವುದು. ಅವನಿಂದ ಕೆಳಗಿಳಿದರೆ ಸಾವಿರ ಕವಲು. ಯಾವುದೋ ಒಂದು ಕವಲಿಗೆ ನಮ್ಮವರನ್ನು ಅಂಟಿಸಬೇಕೆಂಬ ಆಸೆ ಹುಟ್ಟುತ್ತದೆ. ಬದುಕಿರುವ ಅಜ್ಜಿಯಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. 'ಇವನು ಇವಳ ಮಗ' ಎಂದು ಹೇಳುವ ಒಂದು ಕಾಗದ ಕೈಗೆ ಸಿಗುವ ತನಕ ಮುಂದಿನ ಮೆಟ್ಟಿಲಿಗೆ ಕಾಲಿಡಬೇಡಿ.

ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದು ಜನಗಣತಿಯನ್ನು ಹಿಡಿಯಿರಿ. ಅಮೆರಿಕದಲ್ಲಿ ಗಣತಿಯ ಹಾಳೆಗಳು 72 ವರ್ಷ ಗೋಪ್ಯ. 1950ರದ್ದು 2022ರಲ್ಲಿ ತೆರೆಯಿತು. ಅಲ್ಲಿಂದ ಹತ್ತು ಹತ್ತು ವರ್ಷ ಹಿಂದಕ್ಕೆ ನಡೆಯಿರಿ. 1890ರ ಗಣತಿಯ ಬಹುಭಾಗ 1921ರ ಬೆಂಕಿ ಅನಾಹುತದಲ್ಲಿ ಹಾಳಾಯಿತು, ಅಲ್ಲೊಂದು ಹಳ್ಳ ದಾಟಬೇಕು. 1880ರ ಹಾಳೆ ಬಹಳ ಉಪಕಾರಿ: ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು, ಅವರ ತಂದೆತಾಯಿ ಹುಟ್ಟಿದ್ದು ಎಲ್ಲಿ ಎಂಬುದೂ ಇದೆ.

1850ಕ್ಕೆ ಬಂದಾಗ ಗೋಡೆ ಎದುರಾಗುತ್ತದೆ. ಸ್ವತಂತ್ರರಾದ ಎಲ್ಲರ ಹೆಸರನ್ನೂ ಬರೆದ ಮೊದಲ ಗಣತಿ ಅದು. ಅದಕ್ಕೂ ಹಿಂದೆ ಯಜಮಾನನ ಹೆಸರು ಮಾತ್ರ. ಹೆಂಡತಿ ಮಕ್ಕಳೆಲ್ಲ ವಯಸ್ಸಿನ ಕಾಲಂಗಳಲ್ಲಿ ಬರಿಯ ಅಂಕಿಗಳು. ಗುಲಾಮರಾಗಿದ್ದವರ ಪಾಡು ಇನ್ನೂ ಕಷ್ಟ: 1850 ಮತ್ತು 1860ರಲ್ಲಿ ಅವರದು ಬೇರೆಯೇ ಪಟ್ಟಿ, ಸಾಮಾನ್ಯವಾಗಿ ಹೆಸರಿಲ್ಲ, ಒಡೆಯನ ಹೆಸರಿನ ಕೆಳಗೆ ವಯಸ್ಸು ಮತ್ತು ಲಿಂಗ. ಅವರ ಹೆಸರುಗಳು ಗಣತಿಯಲ್ಲಿ ಸಾಲಾಗಿ ಕಾಣುವುದು 1870ರಲ್ಲಿ. ಬೂನ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದ. ಅಂಥವರ ವಂಶದವರು ಹುಡುಕಹೊರಟರೆ ಒಡೆಯನ ಉಯಿಲು, ಆಸ್ತಿಪಟ್ಟಿಗಳನ್ನೇ ತಿರುವಬೇಕು.

ಚಕ್ಕುಬಂದಿ ಓದಿ

ಕೆಂಟಕಿಯ 1790 ಮತ್ತು 1800ರ ಗಣತಿಗಳು ಉಳಿದಿಲ್ಲ. ಅವುಗಳ ಜಾಗ ತುಂಬುವುದು ತೆರಿಗೆ ಪಟ್ಟಿ. ವರ್ಷವರ್ಷವೂ ಬರೆದದ್ದರಿಂದ ಇದು ಗಣತಿಗಿಂತ ಚುರುಕು. ನೆನ್ನೆಯವರೆಗೆ ಕಾಣದ ಹೆಸರು ಒಂದು ವರ್ಷ ದಿಢೀರನೆ ಬಂದರೆ, ಆತ ಬೇರೆ ಕಡೆಯಿಂದ ಬಂದಿರಬೇಕು, ಇಲ್ಲವೇ ಅಲ್ಲಿಯ ಹುಡುಗನೊಬ್ಬನಿಗೆ 21 ತುಂಬಿರಬೇಕು. ಒಂದು ಎಚ್ಚರಿಕೆ: ಹೆಸರಿನ ಮುಂದೆ 'ಸೀನಿಯರ್', 'ಜೂನಿಯರ್' ಎಂದಿದ್ದ ಮಾತ್ರಕ್ಕೆ ಅಪ್ಪ ಮಗ ಎಂದು ತಿಳಿಯಬೇಡಿ. ಚಿಕ್ಕಪ್ಪ ಮತ್ತು ಅಣ್ಣನ ಮಗನಾಗಿರಬಹುದು, ಸಂಬಂಧವೇ ಇಲ್ಲದ ಇಬ್ಬರೂ ಆಗಿರಬಹುದು.

ಯಾವ ಕೌಂಟಿಯಲ್ಲಿ ಹುಡುಕಬೇಕು? ಇಂದಿನ ನಕ್ಷೆಯನ್ನು ನಂಬಬೇಡಿ. 1776ರಲ್ಲಿ ಇಡೀ ಕೆಂಟಕಿ ವರ್ಜೀನಿಯಾದ ಒಂದೇ ಕೌಂಟಿ, 1780ರಲ್ಲಿ ಮೂರಾಯಿತು, 1792ರಲ್ಲಿ ಪ್ರತ್ಯೇಕ ರಾಜ್ಯ, ಇಂದು 120 ಕೌಂಟಿಗಳಿವೆ. ಹೊಲ ಇದ್ದಲ್ಲೇ ಇತ್ತು, ಕಚೇರಿ ಬದಲಾಗುತ್ತಾ ಹೋಯಿತು. ಹೊಲದ ಹಳೆಯ ಕಾಗದ ತಾಯಿ ಕೌಂಟಿಯಲ್ಲೇ ಉಳಿದಿರುತ್ತದೆ. ನಮ್ಮಲ್ಲಿ ತಾಲ್ಲೂಕು ಒಡೆದಾಗ ಆಗುವುದೂ ಇದೇ.

ಜಮೀನಿನ ಕಡತಕ್ಕೆ ಬಂದಾಗ ನನಗೆ ತವರಿಗೆ ಬಂದಂತಾಯಿತು. ಕೆಂಟಕಿಯಲ್ಲಿ ಒಂದು ಜಮೀನಿಗೆ ನಾಲ್ಕು ಕಾಗದ: ಇಷ್ಟು ನೆಲ ಅಳೆಸಿಕೊಳ್ಳಬಹುದೆಂಬ ವಾರಂಟ್, ಇಂಥಲ್ಲಿ ಬೇಕೆಂಬ ನಮೂದು, ಮೋಜಣಿ, ಕೊನೆಗೆ ಹಕ್ಕುಪತ್ರ. ನಾಲ್ಕನ್ನೂ ನೋಡಿ, ಏಕೆಂದರೆ ವಾರಂಟ್ ಒಬ್ಬನ ಹೆಸರಿನಲ್ಲಿದ್ದು ಹಕ್ಕುಪತ್ರ ಅವನ ಅಳಿಯನ ಹೆಸರಿನಲ್ಲಿರುವುದುಂಟು. ಮೋಜಣಿಯಲ್ಲಿ ಬಾಂದು ಕಲ್ಲಿಲ್ಲ. ಬಿಳಿ ಓಕ್ ಮರದಿಂದ ಇಂತಿಷ್ಟು ಪೋಲ್ ಉತ್ತರಕ್ಕೆ, ಅಲ್ಲಿಂದ ಹಳ್ಳದ ದಂಡೆಯ ಹಿಕರಿ ಮರಕ್ಕೆ, ಹೀಗೆ ಸಾಗುತ್ತದೆ. ಪೋಲ್ ಎಂದರೆ ಹದಿನಾರೂವರೆ ಅಡಿ. ನಮ್ಮ ಗುಂಟೆಯ ಒಂದು ಬದಿ 33 ಅಡಿಯಲ್ಲವೇ, ಅದರ ನೇರ ಅರ್ಧ. ಎರಡೂ ಒಂದೇ 66 ಅಡಿ ಸರಪಳಿಯ ಮರಿಗಳು. ಚಕ್ಕುಬಂದಿಯಲ್ಲಿ ಬರುವ ಪಕ್ಕದವರ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ಗಡಿನಾಡಿಗೆ ಒಂಟಿಯಾಗಿ ವಲಸೆ ಬಂದವರು ಕಡಿಮೆ. ಬೂನ್ ಮದುವೆಯಾದದ್ದು ರೆಬೆಕಾ ಬ್ರಯನ್‌ಳನ್ನು, ಅವನ ತಂಗಿ ಮೇರಿ ಮದುವೆಯಾದದ್ದು ವಿಲಿಯಂ ಬ್ರಯನ್‌ನನ್ನು. ಬ್ರಯನ್ನರು ಸಿಕ್ಕಿದಲ್ಲಿ ಬೂನರು ದೂರವಿರುವುದಿಲ್ಲ.

ಮರ ನೋಡಿ ಅಳೆದರೆ ಏನಾಗುತ್ತದೋ ಅದೇ ಆಯಿತು. ಒಂದೇ ನೆಲದ ಮೇಲೆ ಹಂಚಿನಂತೆ ಒಂದರ ಮೇಲೊಂದು ಹಕ್ಕು, ದಶಕಗಟ್ಟಲೆ ವ್ಯಾಜ್ಯ. ಸ್ವತಃ ಮೋಜಣಿದಾರನಾಗಿದ್ದ ಬೂನ್ ತನ್ನ ಕೆಂಟಕಿ ಜಮೀನನ್ನೆಲ್ಲ ಹೆಚ್ಚುಕಡಿಮೆ ಹೀಗೆಯೇ ಕಳೆದುಕೊಂಡು, 1799ರಲ್ಲಿ ಆಗ ಸ್ಪೇನಿನ ಕೈಯಲ್ಲಿದ್ದ ಮಿಸ್ಸೋರಿಗೆ ಹೊರಟ. ಅವನ ನಷ್ಟವೇ ಸಂಶೋಧಕರ ಲಾಭ. ಈ ವ್ಯಾಜ್ಯಗಳಲ್ಲಿ ಹಳಬರನ್ನು ಕರೆಸಿ ಸಾಕ್ಷಿ ಕೇಳಿದರು: ನಿನ್ನ ವಯಸ್ಸೆಷ್ಟು, ಆ ವರ್ಷ ಎಲ್ಲಿ ಬಿಡಾರ ಹೂಡಿದ್ದೆ, ಜೊತೆಗೆ ಯಾರಿದ್ದರು. ಎಷ್ಟೋ ವಂಶಗಳ ಕೊಂಡಿ ಸಿಕ್ಕಿರುವುದು ಇಂಥ ಹೇಳಿಕೆಗಳಲ್ಲಿ. ಜಮೀನು ಇರಲೇ ಇಲ್ಲ ಎಂದುಕೊಂಡು ನ್ಯಾಯಾಲಯದ ಕಡತ ಬಿಡಬೇಡಿ.

ಹೆಂಗಸರ ಹೆಸರು ಸಿಗುವುದೂ ಕ್ರಯಪತ್ರದಲ್ಲೇ. ಗಂಡನ ಆಸ್ತಿಯಲ್ಲಿ ವಿಧವೆಗೆ ಮೂರರಲ್ಲೊಂದು ಪಾಲಿನ ಹಕ್ಕಿತ್ತು. ಹೀಗಾಗಿ ಮಾರುವಾಗ ಹೆಂಡತಿಯನ್ನು ಗಂಡನಿಂದ ದೂರ ಕರೆದು 'ಒತ್ತಾಯವಿಲ್ಲ ತಾನೇ' ಎಂದು ವಿಚಾರಿಸಿ ಹೆಸರು ಬರೆಯುತ್ತಿದ್ದರು.

ಎಂಟನೆಯ ತಿಂಗಳು ಎಂದರೆ ಯಾವುದು?

ಬೂನ್‌ನ ತಂದೆ ಸ್ಕ್ವೈರ್ ಬೂನ್ ಇಂಗ್ಲೆಂಡಿನ ಡೆವನ್‌ನಿಂದ ಬಂದ, ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಮಕ್ಕಳು ಪಂಥದ ಹೊರಗೆ ಮದುವೆಯಾದರೆಂದು ಪಂಥದವರು ಅವನನ್ನು 1748ರಲ್ಲಿ ಹೊರಹಾಕಿದರು. 1750ರಲ್ಲಿ ಸಂಸಾರ ದಕ್ಷಿಣಕ್ಕೆ ಹೊರಟಿತು. ಇದೆಲ್ಲ ಗೊತ್ತಿರುವುದು ಕ್ವೇಕರರು ತಮ್ಮ ಸಭೆಯ ನಡಾವಳಿಯನ್ನು ಬಿಡದೆ ಬರೆದಿಟ್ಟದ್ದರಿಂದ. ಅವರು ತಿಂಗಳಿಗೆ ಹೆಸರು ಹೇಳುವುದಿಲ್ಲ, ಸಂಖ್ಯೆ ಹೇಳುತ್ತಾರೆ. 1752ಕ್ಕೆ ಮೊದಲು ಅವರ ಲೆಕ್ಕದಲ್ಲಿ ಮೊದಲ ತಿಂಗಳು ಮಾರ್ಚ್. ಡೇನಿಯಲ್ ಹುಟ್ಟಿದ್ದನ್ನು ಎಂಟನೆಯ ತಿಂಗಳ 22 ಎಂದು ಬರೆದರೆ ನಾವು ಆಗಸ್ಟ್ ಎಂದು ಓದುತ್ತೇವೆ, ಅದು ಅಕ್ಟೋಬರ್. 1752ರಲ್ಲಿ ಕ್ಯಾಲೆಂಡರಿನಿಂದ 11 ದಿನ ಕಿತ್ತುಹಾಕಿದ್ದನ್ನು ಸೇರಿಸಿದರೆ ನವೆಂಬರ್ 2. ಮೂರು ತಾರೀಕು ನೋಡಿ ಮೂವರು ಡೇನಿಯಲ್‌ಗಳೆಂದು ತಿಳಿಯಬೇಡಿ.

ಇಬ್ಬರು ಇಸ್ರೇಲ್

ಇನ್ನು ನಮ್ಮ ಹುಡುಗನ ವಿಷಯ. ಯಾರೋ ಪುಣ್ಯಾತ್ಮರು ಅಂತರಜಾಲದಲ್ಲಿ ಹಾಕಿದ್ದ ವಂಶವೃಕ್ಷದಲ್ಲಿ ಅವನ ಮನೆತನ ಡೇನಿಯಲ್‌ನ ಮಗ ಇಸ್ರೇಲ್ ಬೂನ್‌ಗೆ ಜೋಡಣೆಯಾಗಿತ್ತು. ಆ ಇಸ್ರೇಲ್ 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್ ಕಾಳಗದಲ್ಲಿ ಅಪ್ಪನ ಕಣ್ಣೆದುರೇ ಸತ್ತ. ಆಗ ವಯಸ್ಸು 23, ಮದುವೆಯಾಗಿರಲಿಲ್ಲ. ಹತ್ತು ಮಕ್ಕಳಲ್ಲಿ ಜೇಮ್ಸ್ 1773ರಲ್ಲಿ ಹದಿಹರೆಯದಲ್ಲೇ ಕೊಲೆಯಾದ, ವಿಲಿಯಂ ಕೂಸಾಗಿದ್ದಾಗಲೇ ಹೋದ. ಈ ಮೂವರ ಮೂಲಕ ವಂಶ ಹೇಳುವ ಯಾವ ಪಟ್ಟಿಯನ್ನೂ ಮುಂದೆ ಓದಬೇಕಿಲ್ಲ.

ಆದರೆ ಇನ್ನೊಬ್ಬ ಇಸ್ರೇಲ್ ಇದ್ದ, ಡೇನಿಯಲ್‌ನ ಅಣ್ಣ. 1756ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಇಬ್ಬರು ಗಂಡುಮಕ್ಕಳನ್ನು ಡೇನಿಯಲ್ ಮತ್ತು ರೆಬೆಕಾ ತಮ್ಮ ಮನೆಯಲ್ಲೇ ಸಾಕಿದರು. ಸಾಕಿದ ಚಿಕ್ಕಪ್ಪ ಎರಡು ತಲೆಮಾರಿನಲ್ಲಿ ಅಜ್ಜನಾಗಿಬಿಡುವುದು ನಮ್ಮೂರಲ್ಲೂ ಉಂಟು. ಮನೆಮಾತನ್ನು ಸುಳ್ಳೆಂದು ಎಸೆಯುವ ಮೊದಲು ಅಂಥ ಕವಲನ್ನು ನೋಡಿ.

ಮನೆಮಾತಿನ ದೊಡ್ಡ ಭಂಡಾರ ವಿಸ್ಕಾನ್ಸಿನ್ ಐತಿಹಾಸಿಕ ಸಂಸ್ಥೆಯಲ್ಲಿದೆ. ಲೈಮನ್ ಡ್ರೇಪರ್ ಎಂಬ ಹಠವಾದಿ ಗಡಿನಾಡಿನ ಮುದುಕರನ್ನು ಹುಡುಕಿಕೊಂಡು ಹೋಗಿ ಕೇಳಿ ಬರೆದ ಕಾಗದಗಳು ಸುಮಾರು 500 ಸಂಪುಟಗಳಷ್ಟಾಗಿವೆ. 1851ರಲ್ಲಿ ಅವನು ಬೂನ್‌ನ ಕಿರಿಯ ಮಗ ನೇಥನ್‌ನನ್ನೇ ಕೂರಿಸಿ ಕೇಳಿದ. ಆಗ ನೇಥನ್‌ಗೆ ಎಪ್ಪತ್ತು. ತಾನು ಹುಟ್ಟುವ ಮೊದಲಿನದನ್ನೂ ಅವನು ಹೇಳಿದ್ದಾನೆ, ಆದ್ದರಿಂದ ಇದನ್ನು ಕೈಮರವಾಗಿ ಬಳಸಿ, ಮೈಲಿಗಲ್ಲಾಗಿ ಬೇಡ.

ಡಿಎನ್‌ಎ ಪರೀಕ್ಷೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಏಳು ತಲೆಮಾರು ಹಿಂದೆ ಒಬ್ಬನಿಗೆ 128 ಪೂರ್ವಿಕರು. ಒಬ್ಬೊಬ್ಬರ ಪಾಲು ಸರಾಸರಿ ಶೇ 1ಕ್ಕಿಂತ ಕಡಿಮೆ. ಕಾಗದದ ಕೆಲಸ ಮುಗಿಯದೆ ಆ ಫಲಿತಾಂಶ ಓದಲು ಬರುವುದಿಲ್ಲ.

ಹುಡುಗನ ಕವಲು ಸದ್ಯ 1813ರ ಒಂದು ತೆರಿಗೆ ಪಟ್ಟಿಯಲ್ಲಿ ನಿಂತಿದೆ. ಜಮೀನಿಲ್ಲದ ಒಬ್ಬ ಯುವಕ, ಒಂದು ಕುದುರೆ. ಅವನ ತಂದೆ ಯಾರೆಂದು ಪಕ್ಕದ ಕೌಂಟಿಯ ವ್ಯಾಜ್ಯದ ಕಡತಗಳಲ್ಲಿ ಹುಡುಕುತ್ತಿದ್ದೇನೆ. ವಿಡಿಯೋ ಕರೆಯಲ್ಲಿ ಆ ಹಾಳೆ ತೋರಿಸಿದಾಗ ಹುಡುಗ ಬೂನ್‌ನ ಬಗ್ಗೆ ಕೇಳಲೇ ಇಲ್ಲ. 'ಅಜ್ಜ, ಕುದುರೆಯ ಹೆಸರೇನು?' ಎಂದ. ಗುಮಾಸ್ತ ಅದಕ್ಕೆ ಕಾಲಂ ಇಟ್ಟಿರಲಿಲ್ಲ.